ಪಾಠ ಹೇಳ್ಕೊಟ್ಟ ಮೇಷ್ಟ್ರನ್ನ ಹುಡುಕಿ ಮಾತಾಡ್ಸೋದು ಹೇಗೆ

ಗುರುವಂದನೆ ಅಂದ್ರೆ ಈಗ ನಮ್ ಕಡೆ ಒಂದು ಪದ್ಧತಿನೇ ಆಗೋಗಿದೆ, ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪು, ಕಲ್ಯಾಣ ಮಂಟಪ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫೋಟೋ, ಊಟ. ಮಾಡಿ, ಖಂಡಿತ ಮಾಡಿ. ಆದ್ರೆ ರಿಟೈರ್ ಆದ ಮೇಷ್ಟ್ರ ಮನೆ ಬೀರುವಲ್ಲಿ ಶಾಲುಗಳು ರಾಶಿ ಬಿದ್ದಿರ್ತವೆ, ತಾವು ಹೇಳಿದ ಯಾವ ಮಾತು ಯಾವ ಹುಡುಗನ ಬದುಕನ್ನ ತಿರುಗಿಸ್ತು ಅನ್ನೋದು ಮಾತ್ರ ಅವರಿಗೆ ಗೊತ್ತೇ ಇರಲ್ಲ. ಅದನ್ನ ಅವರು ಇರೋವಾಗ್ಲೇ, ಅವರ ಎದುರಿಗೇ ಹೇಳ್ಬೇಕು. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಹುಡುಕೋದು. ಸರ್ಕಾರಿ ಶಾಲೆ ಮೇಷ್ಟ್ರು 60ಕ್ಕೆ ರಿಟೈರ್ ಆಗ್ತಾರೆ, ಆಮೇಲೆ ಎಷ್ಟೋ ಜನ ಸ್ವಂತ ಊರಿಗೋ ಮಕ್ಕಳ ಜೊತೆ ಬೆಂಗಳೂರಿಗೋ ಹೋಗ್ಬಿಡ್ತಾರೆ. ನೀವು ಓದಿದ ಶಾಲೆಗೇ ಹೋಗಿ, ಆದ್ರೆ ಈಗಿನ ಹೆಡ್ಮಾಸ್ಟ್ರು ಹೊಸಬ್ರಾಗಿರ್ತಾರೆ, ಬಿಸಿಯೂಟ ಮಾಡೋ ಅಕ್ಕಂದಿರನ್ನ ಕೇಳಿ, ಅವರು ಅದೇ ಊರವರು, ಯಾವ ಮೇಷ್ಟ್ರ ಮಗಳನ್ನ ಯಾವ ಊರಿಗೆ ಕೊಟ್ರು ಅನ್ನೋದೂ ಅವರಿಗೆ ಗೊತ್ತಿರತ್ತೆ. ಅಲ್ಲಿ ಸಿಗ್ಲಿಲ್ಲ ಅಂದ್ರೆ ತಾಲೂಕಿನ ನಿವೃತ್ತ ನೌಕರರ ಸಂಘದಲ್ಲಿ ವಿಚಾರಿಸಿ, ಆಮೇಲೆ ತಾಲೂಕಿನ ಶಿಕ್ಷಣಾಧಿಕಾರಿಗಳ (ಬಿಇಓ) ಆಫೀಸು. ಆಫೀಸಲ್ಲಿ ಅವರ ನಂಬರ್ ಕೇಳ್ಬೇಡಿ, ನಿಮ್ಮ ನಂಬರ್ ಬರೆದು ಕೊಟ್ಟು ತಲುಪಿಸಿ ಸಾರ್ ಅಂತ ಹೇಳಿ, ಅದು ಮರ್ಯಾದೆ. ಒಂದು ವಿಷಯ ಗಮನ ಇರ್ಲಿ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕಿಂತ ಹಿಂದೆ ಓದಿದವರು ಹಳೇ ಕಾಗದಕ್ಕೆ ಕೋಲಾರಕ್ಕೂ ಹೋಗ್ಬೇಕಾಗ್ಬಹುದು. ತುಮಕೂರು ಜಿಲ್ಲೇಲಿ ಶಿಕ್ಷಣ ಇಲಾಖೆಗೆ ಮಧುಗಿರಿ ಬೇರೆ ಶೈಕ್ಷಣಿಕ ಜಿಲ್ಲೆ, ಪಾವಗಡ, ಶಿರಾ, ಕೊರಟಗೆರೆ ಕಡೆಯವರು ತುಮಕೂರಿನ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರ) ಆಫೀಸಿಗೆ ಅಲೆಯೋದು ದಂಡ.

ಇನ್ನು ಮುಖ್ಯವಾದದ್ದು, ಏನು ಹೇಳ್ಬೇಕು ಅನ್ನೋದು. ಹೋಗೋಕೆ ಮುಂಚೆ ಒಂದು ಹಾಳೆ ತಗೊಂಡು ಬರೀರಿ. "ನಮ್ಮ ಬದುಕಿಗೆ ಬೆಳಕಾದ್ರಿ" ತರದ ಮಾತು ಬರೀಬೇಡಿ, ಅದನ್ನ ಅವರು ಪ್ರತಿ ಸೆಪ್ಟೆಂಬರ್ 5ಕ್ಕೂ ಕೇಳಿರ್ತಾರೆ. ಒಂದೇ ಒಂದು ಘಟನೆ ತಗೊಳ್ಳಿ, ಯಾವ ಕ್ಲಾಸು, ಏನಾಯ್ತು, ಅವರು ಏನ್ ಮಾಡಿದ್ರು, ಅದ್ರಿಂದ ನೀವು ಇವತ್ತು ಏನ್ ಮಾಡ್ತಿದೀರಿ, ಅಷ್ಟೇ.

ನನ್ನದೇ ಹೇಳ್ತೀನಿ. ಬಾಗೇಪಲ್ಲಿ ಕಡೆ ನಮ್ಮಂಥವರ ಮನೇಲಿ ತೆಲುಗು, ಶಾಲೇಲಿ ಕನ್ನಡ. ಏಳನೇ ಕ್ಲಾಸಲ್ಲಿ ವಿಜ್ಞಾನದ ಮೇಷ್ಟ್ರು ಮಳೆ ಹೇಗ್ ಬರತ್ತೆ ಅಂತ ಕೇಳಿದ್ರು, ನಾನು ಎದ್ದು ನಿಂತು ಗೊತ್ತಿಲ್ಲದೇ ತೆಲುಗಲ್ಲೇ ಹೇಳ್ಬಿಟ್ಟೆ, ಇಡೀ ಕ್ಲಾಸು ನಕ್ತು. ಅವರು ನಗ್ಲಿಲ್ಲ, "ಉತ್ತರ ಸರಿಯಾಗಿದೆ, ಈಗ ಇದನ್ನೇ ಕನ್ನಡದಲ್ಲಿ ಹೇಳೋಣ ಬಾ" ಅಂತ ಬೋರ್ಡ್ ಹತ್ರ ಕರ್ದು ಆವಿ, ಮೋಡ, ಹನಿ ಅಂತ ಒಂದೊಂದೇ ಪದ ನನ್ನ ಕೈಯಲ್ಲೇ ಬರೆಸಿದ್ರು. ಆಮೇಲೆ ಯಾವ ಕ್ಲಾಸಲ್ಲೂ ಕೈ ಎತ್ತೋಕೆ ನಾನು ಹೆದರ್ಲಿಲ್ಲ, ಇವತ್ತು ಆಫೀಸ್ ಮೀಟಿಂಗಲ್ಲಿ ಇಂಗ್ಲಿಷ್ ತಡವರಿಸಿದ್ರೂ ಮಾತು ನಿಲ್ಸಲ್ಲ. ಇದನ್ನ ಹೋಗಿ ಹೇಳ್ದಾಗ ಅವರಿಗೆ ಆ ದಿನ ನೆನಪೇ ಇರ್ಲಿಲ್ಲ. ಇರೋದೂ ಇಲ್ಲ, ಸಾವಿರಾರು ಮಕ್ಕಳಿಗೆ ಪಾಠ ಮಾಡಿರ್ತಾರೆ. ಅದಕ್ಕೇ ನಾವು ಹೇಳ್ಬೇಕು.

ಬಾಗ್ಲಲ್ಲಿ ನಿಂತು "ಯಾರು ಅಂತ ಹೇಳಿ ನೋಡೋಣ ಸಾರ್" ಅಂತ ಪರೀಕ್ಷೆ ಮಾಡ್ಬೇಡಿ ದಯವಿಟ್ಟು, ವಯಸ್ಸಾದವರಿಗೆ ಅದು ಬಹಳ ಕಸಿವಿಸಿ. ಹೆಸ್ರು, ಊರು, ಅಪ್ಪನ ಹೆಸ್ರು, ಎಸ್ಸೆಸ್ಸೆಲ್ಸಿ ವರ್ಷ, ಎಲ್ಲಾ ನೀವೇ ಹೇಳ್ಬಿಡಿ. ಮುಂಚೆ ಫೋನ್ ಮಾಡಿ ಭಾನುವಾರ ಬೆಳಿಗ್ಗೆ ಹೋಗಿ. ಬರೆದ ಹಾಳೇನ ದೊಡ್ಡ ಅಕ್ಷರದಲ್ಲಿ ಬರೆದು ಅಲ್ಲೇ ಓದಿ, ಆಮೇಲೆ ಅವರ ಕೈಗೆ ಕೊಟ್ಟು ಬನ್ನಿ, ಮನೆಯವರೂ ಕೂತು ಕೇಳ್ಲಿ, ಯಾಕಂದ್ರೆ ಸಂಜೆ ಸ್ಪೆಷಲ್ ಕ್ಲಾಸ್ ಅಂತ ಮೇಷ್ಟ್ರು ಲೇಟಾಗಿ ಬಂದಿದ್ದನ್ನೆಲ್ಲಾ ಸಹಿಸ್ಕೊಂಡವರು ಅವರು.

ಎಲ್ಲಾ ಮೇಷ್ಟ್ರ ಹತ್ರನೂ ಹೋಗ್ಬೇಕು ಅಂತಿಲ್ಲ. "ನಿನ್ ತಲೆಗೆ ಹತ್ತಲ್ಲ ಬಿಡು" ಅಂತ ಒಂದ್ ಮಾತು ಅಂದು ಮಗುನ ಓದೇ ಬಿಡಿಸಿದವರೂ ಇದಾರೆ, ಆ ಗಾಯನೂ ಅಷ್ಟೇ ವರ್ಷ ಉಳಿಯತ್ತೆ. ಅಂಥವರಿಗೆ ನಮಸ್ಕಾರ ಮಾಡು ಅಂತ ಬ್ಯಾಚಿನವರು ಯಾರನ್ನೂ ಬಲವಂತ ಮಾಡ್ಬಾರ್ದು.

ಮೇಷ್ಟ್ರು ತೀರ್ಕೊಂಡಿದ್ರೆ ಆ ಹಾಳೇನ ಮನೆಯವರಿಗೆ ಕೊಡಿ. ಜೊತೆಗೆ ಅವರು ಮಾಡ್ತಿದ್ದ ಕೆಲ್ಸಾನ ಸ್ವಲ್ಪ ಮುಂದುವರ್ಸಿ. ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್.ನರಸಿಂಹಯ್ಯನವರನ್ನ ನೋಡಿ, ಹಳ್ಳಿಯಿಂದ ಬೆಂಗಳೂರಿಗೆ ನಡ್ಕೊಂಡು ಹೋಗಿ ಓದಿದವರು, ಫಿಸಿಕ್ಸ್ ಮೇಷ್ಟ್ರಾಗಿ, ಪ್ರಿನ್ಸಿಪಾಲರಾಗಿ, ಬೆಂಗಳೂರು ವಿವಿ ಕುಲಪತಿ ಆದ್ರೂ ಹಾಸ್ಟೆಲ್ ರೂಮಲ್ಲೇ ಇದ್ದವರು. 2005ರಲ್ಲಿ ಹೋದ್ರು, ಆದ್ರೆ ಅವರು ಕಟ್ಟಿದ ಗೌರಿಬಿದನೂರು, ಬಾಗೇಪಲ್ಲಿಯ ನ್ಯಾಷನಲ್ ಕಾಲೇಜುಗಳಲ್ಲಿ ಅವರ ಮುಖನೇ ನೋಡದ ಮಕ್ಕಳು ಓದ್ತಿದಾರೆ. ನಮ್ಮ ಕೈಲಿ ಕಾಲೇಜು ಕಟ್ಟೋಕಾಗಲ್ಲ, ಲೈಬ್ರರಿಗೆ ಒಂದು ಬೀರು ಪುಸ್ತಕ, ಲ್ಯಾಬಿಗೆ ಮೈಕ್ರೋಸ್ಕೋಪು ಆಗತ್ತೆ. ಹೆಡ್ಮಾಸ್ಟ್ರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರು ಇಬ್ಬರನ್ನೂ ಕೇಳಿ ಏನು ಬೇಕೋ ಅದನ್ನೇ ಕೊಡಿ, ಬೀರುವಿಗೆ ಬೀಗ ಹಾಕಿ ಕೀ ಆಫೀಸ್ ರೂಮಲ್ಲಿ ಇಡ್ಬೇಡಿ ಅಂತ ಮೊದ್ಲೇ ಮಾತಾಡ್ಕೊಳ್ಳಿ.