ಎಕ್ಸ್‌ಪಾತ್ ಶೋಧದಲ್ಲಿ ಆ್ಯಂಡ್, ಆರ್, ನಾಟ್ ಬಳಸುವ ಕ್ರಮ

ಟ್ಯಾಗ್ ಎಂಬ ಗುರುತುಗಳ ನಡುವೆ ಮಾಹಿತಿಯನ್ನು ಬರೆದಿಡುವ ಎಕ್ಸ್‌ಎಂಎಲ್ ಕಡತದಿಂದ ಬೇಕಾದ ದಾಖಲೆಗಳನ್ನಷ್ಟೇ ಹೆಕ್ಕಿ ತೆಗೆಯುವ ಎಕ್ಸ್‌ಪಾತ್ ಭಾಷೆಯ ಮೊದಲ ಆವೃತ್ತಿ 1999ರ ನವೆಂಬರ್‌ನಲ್ಲಿ ಹೊರಬಂತು. ಷರತ್ತುಗಳನ್ನು ಜೋಡಿಸಲು ಅದರಲ್ಲಿರುವುದು ಆ್ಯಂಡ್, ಆರ್, ನಾಟ್ ಎಂಬ ಮೂರೇ ಸಾಧನಗಳು. ಮೊದಲೆರಡು ಷರತ್ತುಗಳ ನಡುವೆ ಬರುವ ಆಪರೇಟರ್‌ಗಳು, ನಾಟ್ ಎಂಬುದು ಆವರಣದೊಳಗೆ ಕೊಟ್ಟದ್ದರ ಮೇಲೆ ಕೆಲಸ ಮಾಡುವ ಫಂಕ್ಷನ್ ಆದ್ದರಿಂದ ಅದರ ಮುಂದೆ ಆವರಣ ಚಿಹ್ನೆ ಇರಲೇಬೇಕು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಕಡತದಲ್ಲಿ ಈ ಮೂರನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಟ್ಯಾಗ್‌ಗಳ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು. ಎಕ್ಸ್‌ಎಂಎಲ್ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಮಂಡ್ಯ ಜಿಲ್ಲೆಯ ಜಮೀನುಗಳ ಪಟ್ಟಿಯೊಂದರಲ್ಲಿ ಪ್ರತಿ ದಾಖಲೆಯೂ ಹೀಗಿದೆ ಎಂದುಕೊಳ್ಳೋಣ.

<ಜಮೀನು ವರ್ಗ="ತರಿ">
<ತಾಲ್ಲೂಕು>ಮದ್ದೂರು</ತಾಲ್ಲೂಕು>
<ಎಕರೆ>2</ಎಕರೆ>
<ಬೆಳೆ>ಕಬ್ಬು</ಬೆಳೆ>
<ಬೆಳೆ>ಭತ್ತ</ಬೆಳೆ>
</ಜಮೀನು>

ಮದ್ದೂರಿನಲ್ಲಿ ಕಬ್ಬು ಇರುವ ಜಮೀನುಗಳನ್ನು ಪಡೆಯುವುದು ಸುಲಭ. ಇಲ್ಲಿ // ಎಂದರೆ ಕಡತದಲ್ಲಿ ಎಲ್ಲೇ ಇದ್ದರೂ ಎಂದರ್ಥ, ಚೌಕ ಆವರಣದೊಳಗಿರುವುದು ಷರತ್ತು.

//ಜಮೀನು[ತಾಲ್ಲೂಕು='ಮದ್ದೂರು' ಆ್ಯಂಡ್ ಬೆಳೆ='ಕಬ್ಬು']

ಮಳವಳ್ಳಿಯನ್ನೂ ಸೇರಿಸಹೊರಟಾಗ ಎಚ್ಚರ ಬೇಕು. ಆರ್‌ಗಿಂತ ಆ್ಯಂಡ್ ಮೊದಲು ಕಟ್ಟಿಕೊಳ್ಳುವುದರಿಂದ, ಆವರಣವಿಲ್ಲದೆ ಬರೆದರೆ ಕಬ್ಬಿನ ಷರತ್ತು ಮಳವಳ್ಳಿಗೆ ಮಾತ್ರ ಅನ್ವಯಿಸಿ, ಮದ್ದೂರಿನ ಎಲ್ಲ ಜಮೀನುಗಳೂ ಉತ್ತರದಲ್ಲಿ ಬಂದು ಕೂರುತ್ತವೆ. ಸರಿಯಾದ ರೂಪ ಇದು.

//ಜಮೀನು[(ತಾಲ್ಲೂಕು='ಮದ್ದೂರು' ಆರ್ ತಾಲ್ಲೂಕು='ಮಳವಳ್ಳಿ') ಆ್ಯಂಡ್ ಬೆಳೆ='ಕಬ್ಬು']

ತಾಲ್ಲೂಕು ಎಂಬುದನ್ನು ಎರಡು ಸಲ ಬರೆಯುವ ಬೇಸರಕ್ಕೆ ತಾಲ್ಲೂಕು='ಮದ್ದೂರು' ಆರ್ 'ಮಳವಳ್ಳಿ' ಎಂದು ಮೊಟಕುಗೊಳಿಸುವವರಿದ್ದಾರೆ. ಆರ್ ತನ್ನ ಎರಡೂ ಬದಿಗಳನ್ನು ಬೇರೆಬೇರೆಯಾಗಿಯೇ ನಿಜವೋ ಸುಳ್ಳೋ ಎಂದು ನೋಡುತ್ತದೆ, ಮತ್ತು ಖಾಲಿಯಲ್ಲದ ಯಾವ ಪಠ್ಯವೂ ಅದರ ಲೆಕ್ಕದಲ್ಲಿ ನಿಜವೇ; ಹೀಗಾಗಿ ನಾಗಮಂಗಲದ ರಾಗಿ ಹೊಲವೂ ಆಯ್ಕೆಯಾಗುತ್ತದೆ. ದೋಷದ ಸಂದೇಶವೊಂದೂ ಕಾಣಿಸದಿರುವುದೇ ಇದರ ಅಪಾಯ. 2007ರ ಎರಡನೆಯ ಆವೃತ್ತಿಯಿಂದೀಚೆಗೆ ತಾಲ್ಲೂಕು=('ಮದ್ದೂರು', 'ಮಳವಳ್ಳಿ') ಎಂದು ಬರೆಯಲು ಅವಕಾಶವಿದೆ.

ಹೆಚ್ಚಿನ ತೊಡಕು ಇರುವುದು ನಿರಾಕರಣೆಯಲ್ಲಿ. ಕಬ್ಬು ಇಲ್ಲದ ಜಮೀನು ಬೇಕೆಂದು ಬೆಳೆ!='ಕಬ್ಬು' (!= ಎಂದರೆ ಸಮವಲ್ಲ) ಎಂದು ಬರೆದರೆ, ಕಬ್ಬಲ್ಲದ ಬೆಳೆ ಒಂದಾದರೂ ಇದೆಯೇ ಎಂಬ ಪ್ರಶ್ನೆಯನ್ನು ಕೇಳಿದಂತಾಗುತ್ತದೆ. ಮೇಲಿನ ಮದ್ದೂರಿನ ದಾಖಲೆಯಲ್ಲಿ ಭತ್ತ ಇರುವುದರಿಂದ, ಕಬ್ಬು ಇದ್ದರೂ ಅದು ಆಯ್ಕೆಯಾಗುತ್ತದೆ. ಇತ್ತ ಬೀಳು ಬಿಟ್ಟ ಜಮೀನಿನಲ್ಲಿ ಬೆಳೆ ಎಂಬ ಟ್ಯಾಗೇ ಇಲ್ಲದಿದ್ದರೆ, ಹೋಲಿಸಲು ಏನೂ ಸಿಗದೆ ಅದು ತಪ್ಪಿಹೋಗುತ್ತದೆ. ನಾಟ್(ಬೆಳೆ='ಕಬ್ಬು') ಎಂದು ಬರೆದಾಗ ಈ ಎರಡೂ ಸರಿಹೋಗುತ್ತವೆ: ಮದ್ದೂರಿನದು ಬಿಟ್ಟುಹೋಗುತ್ತದೆ, ಬೀಳು ಭೂಮಿ ಸೇರಿಕೊಳ್ಳುತ್ತದೆ. ಬೀಳು ಬೇಡ, ಕಬ್ಬಲ್ಲದ ಬೇರೇನಾದರೂ ಬೆಳೆದಿರಬೇಕು ಎನ್ನುವುದಾದರೆ, ಟ್ಯಾಗ್ ಇದೆಯೇ ಎಂಬುದನ್ನೂ ಒಂದು ಷರತ್ತಾಗಿಸಬೇಕು.

//ಜಮೀನು[ಬೆಳೆ ಆ್ಯಂಡ್ ನಾಟ್(ಬೆಳೆ='ಕಬ್ಬು')]

ಒಂದೇ ಟ್ಯಾಗ್ ಹಲವು ಸಲ ಬರಬಹುದಾದ ಅಥವಾ ಬಾರದೇ ಇರಬಹುದಾದ ಕಡತಗಳಲ್ಲಿ ಆಶ್ಚರ್ಯ ಚಿಹ್ನೆಯ ಹೋಲಿಕೆಯನ್ನು ಕೈಬಿಟ್ಟು ನಾಟ್ ಬಳಸುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಟ್ಯಾಗಿನೊಳಗೇ ಬರೆಯುವ, @ ಚಿಹ್ನೆಯಿಂದ ಸೂಚಿಸುವ ವರ್ಗದಂತಹ ಆಟ್ರಿಬ್ಯೂಟ್‌ಗಳಿಗೂ ಇದೇ ಕ್ರಮ ಸಲ್ಲುತ್ತದೆ: ನಾಟ್(@ವರ್ಗ='ಖುಷ್ಕಿ').

ಅಂಕಿಗಳ ವಿಷಯದಲ್ಲಿ, ಎಕರೆಯನ್ನು ಕನ್ನಡ ಅಂಕಿಯಲ್ಲಿ ೨ ಎಂದು ತುಂಬಿದ್ದರೆ ಮೊದಲ ಆವೃತ್ತಿಯ ಎಕ್ಸ್‌ಪಾತ್ ಅದನ್ನು ಸಂಖ್ಯೆಯೆಂದು ಗುರುತಿಸದು. ಎಕರೆ > 1 ಎಂಬ ಷರತ್ತು ಸದ್ದಿಲ್ಲದೆ ಸುಳ್ಳಾಗುತ್ತದೆ. ಇನ್ನು ಈ ಷರತ್ತುಗಳನ್ನು, ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಕಡತದ ಆಟ್ರಿಬ್ಯೂಟ್‌ನೊಳಗೆ ಇಡುವುದಾದರೆ, ಕಡಿಮೆ ಎಂದು ಸೂಚಿಸುವ ಚಿಹ್ನೆಯನ್ನು ಅಲ್ಲಿ ನೇರವಾಗಿ ಬರೆಯಲು ಎಕ್ಸ್‌ಎಂಎಲ್ ನಿಯಮ ಬಿಡುವುದಿಲ್ಲವಾದ್ದರಿಂದ, ಎಕರೆ < 5 ಎಂಬುದನ್ನು ತಿರುಗಿಸಿ 5 > ಎಕರೆ ಎಂದು ಬರೆದರೆ ಕೆಲಸ ನಡೆಯುತ್ತದೆ.