ಮಂಡಿ ಕೀಲು ಬದಲಿ ಶಸ್ತ್ರಚಿಕಿತ್ಸೆ: ರಕ್ತಸ್ರಾವ ತಗ್ಗಿಸುವ ಮಾತ್ರೆಯನ್ನು ಬಳಸುವ ಕ್ರಮ

ಮಂಡಿ ಕೀಲು ಬದಲಾಯಿಸುವಾಗ ಮೂಳೆಗಳ ತುದಿಯನ್ನು ಕತ್ತರಿಸಬೇಕಾಗುವುದರಿಂದ, ಹೊಲಿಗೆ ಹಾಕಿದ ಮೇಲೂ ಒಳಗೆ ರಕ್ತ ಜಿನುಗುತ್ತಿರುತ್ತದೆ. ಇದನ್ನು ತಗ್ಗಿಸಲು ಬಳಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1962ರಲ್ಲಿ ಇದನ್ನು ಕಂಡುಹಿಡಿದರು. ಅತಿಯಾದ ಮುಟ್ಟಿನ ಸ್ರಾವಕ್ಕೆ ಕೊಡುವುದೂ ಇದೇ ಮಾತ್ರೆಯನ್ನು. ಇದು ಹೊಸದಾಗಿ ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ; ಗಾಯದ ಬಾಯಲ್ಲಿ ಆಗಲೇ ಕಟ್ಟಿರುವ ಹೆಪ್ಪು ಬೇಗ ಕರಗಿಹೋಗದಂತೆ ತಡೆಯುತ್ತದೆ.

ಸಿದ್ಧತೆ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಆರಂಭವಾಗಬೇಕು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು, ಏಕೆಂದರೆ ರಕ್ತಹೀನತೆಗೆ ಈ ಮಾತ್ರೆ ಮದ್ದಲ್ಲ. ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಫಿಟ್ಸ್, ಮೂತ್ರಪಿಂಡದ ತೊಂದರೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಔಷಧವು ಮೂತ್ರದ ಮೂಲಕವೇ ಹೊರಹೋಗುವುದರಿಂದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ರಕ್ತಪರೀಕ್ಷೆಯ ಅಂಶ) ಹೆಚ್ಚಿರುವವರಿಗೆ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂತಹ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಮಂಡ್ಯದಲ್ಲಿ ಹೃದಯದ ಚಿಕಿತ್ಸೆ ಪಡೆಯುತ್ತ ಮೈಸೂರಿನಲ್ಲಿ ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಎರಡೂ ಕಡೆಯ ಚೀಟಿಗಳನ್ನು ಒಟ್ಟಿಗೆ ತೋರಿಸುವುದು ಅತ್ಯಗತ್ಯ.

ಶಸ್ತ್ರಚಿಕಿತ್ಸೆಯ ದಿನ ಮುಖ್ಯವಾದುದು ಸಮಯ. ನುಂಗಿದ ಮಾತ್ರೆ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು 2ರಿಂದ 3 ಗಂಟೆ ಬೇಕಾಗುವುದರಿಂದ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಸುಮಾರು 2 ಗಂಟೆ ಮೊದಲು, ಹಲವೆಡೆ ಸುಮಾರು 2 ಗ್ರಾಂ, ಅಂದರೆ 500 ಮಿಲಿಗ್ರಾಂನ 4 ಮಾತ್ರೆಗಳನ್ನು ಒಮ್ಮೆಗೇ ಕೊಡುತ್ತಾರೆ. ನಿಮ್ಮ ಪ್ರಮಾಣ ಎಷ್ಟೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ‘ಬೆಳಗಿನಿಂದ ಏನನ್ನೂ ಬಾಯಿಗೆ ಹಾಕಬಾರದು’ ಎಂಬ ಸೂಚನೆಯನ್ನು ಮನೆಯವರು ಅಕ್ಷರಶಃ ಪಾಲಿಸಿ ಈ ಮಾತ್ರೆಯನ್ನೂ ತಪ್ಪಿಸಿಬಿಡುವ ಸಾಧ್ಯತೆಯಿದೆ. ಆದ್ದರಿಂದ ಯಾವ ಮಾತ್ರೆಯನ್ನು, ಎಷ್ಟು ಹೊತ್ತಿಗೆ, ಎಷ್ಟು ನೀರಿನೊಂದಿಗೆ ಕೊಡಬೇಕೆಂದು ಹಿಂದಿನ ರಾತ್ರಿಯೇ ವಾರ್ಡಿನ ಸಿಸ್ಟರ್ ಅವರಿಂದ ಬರೆಸಿಕೊಳ್ಳಿ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದರೆ ಮತ್ತೊಮ್ಮೆ ಕೇಳದೆ ಇನ್ನೊಂದು ಡೋಸ್ ಕೊಡಬಾರದು.

ಇಂಜೆಕ್ಷನ್ನಿಗೆ ಹೋಲಿಸಿದರೆ ಮಾತ್ರೆ ಅಗ್ಗ, ರಕ್ತಸ್ರಾವ ತಗ್ಗಿಸುವುದರಲ್ಲಿಯೂ ಹೆಚ್ಚುಕಡಿಮೆ ಅದಕ್ಕೆ ಸಮ ಎಂದು ಅಧ್ಯಯನಗಳು ತೋರಿಸಿವೆ. ಖರ್ಚಿಗೆ ಅಂಜುವ ಕುಟುಂಬಗಳು ಈ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದು. ಆದರೆ ವಾಂತಿಯಾಗುತ್ತಿರುವವರಿಗೆ ಇಂಜೆಕ್ಷನ್ನೇ ಸೂಕ್ತ.

ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಈ ಮಾತ್ರೆಯ ಇನ್ನೊಂದೆರಡು ಡೋಸ್ ಮುಂದುವರಿಸುತ್ತಾರೆ, ಜೊತೆಗೆ ಕಾಲಿನಲ್ಲಿ ಹೆಪ್ಪುಗಟ್ಟದಂತೆ ಬೇರೊಂದು ಔಷಧವನ್ನೂ ಕೊಡುತ್ತಾರೆ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ಭಾವಿಸಿ ಯಾವುದನ್ನೂ ಬಿಡಬೇಡಿ. ಮನೆಗೆ ಮರಳಿದ ಮೇಲೆ ಮೀನಖಂಡ ಊದಿ ನೋಯತೊಡಗಿದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಂಡರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಮೈಸೂರಿನವರಾದರೆ ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರಾದರೆ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ಗೆ, ಕೂಡಲೇ ಹೋಗಬೇಕು.