ಒಪ್ಪಿ ಡೈವೋರ್ಸ್ ತಗೊಳ್ಳುವಾಗ ರಾಜಿಪತ್ರ ಬರೆಸುವ ಬಗೆ

ಹಿರಿಯರು ಕೂತು ಸ್ಟಾಂಪ್ ಪೇಪರ್ ಮೇಲೆ "ಇನ್ನು ಮುಂದೆ ಇಬ್ಬರಿಗೂ ಸಂಬಂಧವಿಲ್ಲ" ಎಂದು ಬರೆಸಿ, ಎರಡೂ ಕಡೆ ಸಹಿ ಹಾಕಿಸಿ ಕಳಿಸುವ ಪದ್ಧತಿ ಕಲಬುರಗಿ, ಬೀದರ, ಯಾದಗಿರಿ ಹಳ್ಳಿಗಳಲ್ಲಿ ಇನ್ನೂ ಇದೆ. ನೋಟರಿ ಮುದ್ರೆ ಬಿದ್ದರೂ ಆ ಕಾಗದ ಡೈವೋರ್ಸ್ ಅಲ್ಲ. ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯ ಸೋಡಚೀಟಿಗೆ (ಸಮುದಾಯದ ಪದ್ಧತಿಯಂತೆ ಬರೆದುಕೊಡುವ ಬಿಡುಗಡೆ ಪತ್ರಕ್ಕೆ) ಜಾಗ ಬಿಟ್ಟಿದೆ ನಿಜ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಹಿಂದಿನಿಂದ ಬಿಡದೆ ನಡೆದುಬಂದಿದೆ ಎಂದು ಕೋರ್ಟಿನಲ್ಲಿ ರುಜುವಾತು ಮಾಡುವ ಭಾರ ಹಾಗೆ ಹೇಳುವವರ ಮೇಲೇ ಬೀಳುತ್ತದೆ. ಆಗದಿದ್ದರೆ ಆ ಕಾಗದ ನಂಬಿ ಮಾಡಿಕೊಂಡ ಎರಡನೇ ಮದುವೆ ಅಸಿಂಧು, ಜೊತೆಗೆ ಏಳು ವರ್ಷದವರೆಗೆ ಜೈಲಾಗಬಹುದಾದ ಅಪರಾಧ.

ಇಬ್ಬರೂ ಒಪ್ಪಿದ್ದರೆ ಸರಿಯಾದ ದಾರಿ 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ. ಲಿಂಗಾಯತರು, ಬೌದ್ಧರು, ಜೈನರು ಎಲ್ಲರೂ ಇದರ ಅಡಿಯಲ್ಲೇ ಬರುತ್ತಾರೆ. ಕನಿಷ್ಠ ಒಂದು ವರ್ಷ ಗಂಡ-ಹೆಂಡತಿಯಾಗಿ ಬಾಳದೆ ಇದ್ದಿರಬೇಕು. ಒಂದೇ ಸೂರಿನಡಿ ಇದ್ದರೂ ಸಂಸಾರ ನಿಂತಿದ್ದರೆ ಅದೂ ನಡೆಯುತ್ತದೆ. ಮದುವೆಯಾದ ಊರು, ಕೊನೆಗೆ ಕೂಡಿ ಇದ್ದ ಊರು, ಇವುಗಳಲ್ಲಿ ಯಾವ ಕಡೆಯ ಕುಟುಂಬ ನ್ಯಾಯಾಲಯಕ್ಕಾದರೂ ಜಂಟಿ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಇಬ್ಬರೂ ಕೋರ್ಟಿನಲ್ಲಿ ಮೊದಲ ಹೇಳಿಕೆ ಕೊಡುತ್ತಾರೆ; ಒಪ್ಪಿಗೆ ಈಗಲೂ ಇದೆ ಎನ್ನುವ ಎರಡನೇ ಹೇಳಿಕೆಗೆ ಅರ್ಜಿ ಹಾಕಿದ ದಿನದಿಂದ 6 ತಿಂಗಳು ಕಳೆದಿರಬೇಕು, 18 ತಿಂಗಳು ದಾಟಬಾರದು. ದೂರವಾಗಿ ಒಂದೂವರೆ ವರ್ಷ ಕಳೆದಿದ್ದರೆ, ಸಂಧಾನ ಫಲಿಸದಿದ್ದರೆ, ಹಣ-ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಆ 6 ತಿಂಗಳನ್ನು ಬಿಟ್ಟುಕೊಡಿ ಎಂದು ಕೇಳಬಹುದು. ಸುಪ್ರೀಂ ಕೋರ್ಟ್ 2017ರಲ್ಲಿ ಇದಕ್ಕೆ ದಾರಿ ಮಾಡಿದೆ.

ಮುಸ್ಲಿಂ ದಂಪತಿಗೆ 13ಬಿ ಅನ್ವಯಿಸುವುದಿಲ್ಲ. ಅವರಲ್ಲಿ ಇಬ್ಬರೂ ಒಪ್ಪಿ ಬಿಡುವುದು ಮುಬಾರಾತ್, ಹೆಂಡತಿ ಕೇಳಿ ಪಡೆಯುವುದು ಖುಲಾ. ಒಂದೇ ಉಸಿರಿನ ಮೂರು ತಲಾಕ್ 2019ರ ಕಾಯ್ದೆಯಿಂದ ಅಪರಾಧ. ರಾಜಿಪತ್ರದ ಬಗ್ಗೆ ಕೆಳಗೆ ಹೇಳುವುದರಲ್ಲಿ ಬಹುಪಾಲು ಅವರಿಗೂ ಉಪಯೋಗಕ್ಕೆ ಬರುತ್ತದೆ.

ಅರ್ಜಿ ಬರೆಯುವುದು ವಕೀಲರ ಕೆಲಸ. ಮನೆಯವರು ತಲೆಕೆಡಿಸಿಕೊಳ್ಳಬೇಕಾದದ್ದು ಅದರ ಜೊತೆ ಇಡುವ ರಾಜಿಪತ್ರದ ಬಗ್ಗೆ. ಡೈವೋರ್ಸ್ ಆದಮೇಲೆ ಏಳುವ ಜಗಳಗಳ ಬೇರು ಹೆಚ್ಚಾಗಿ ಅದರಲ್ಲಿ ಬರೆಯದೆ ಬಿಟ್ಟ ಮಾತುಗಳಲ್ಲಿರುತ್ತದೆ.

ಸಂಸಾರ ಯಾಕೆ ಮುರಿಯಿತು ಎನ್ನುವುದನ್ನು ನೋಡಿ ಕರಾರು ಬರೆಸಿ. ಕುಡಿತದಿಂದ ಮುರಿದಿದ್ದರೆ ತಿಂಗಳ ಕಂತು ನಂಬಬೇಡಿ. ಮೊತ್ತ ಡಿಕ್ರಿ (ಕೋರ್ಟಿನ ಡೈವೋರ್ಸ್ ಆದೇಶ) ಆಗುವುದರೊಳಗೆ ಪೂರ್ತಿ ಬರಲಿ, ಮಕ್ಕಳ ಭೇಟಿ ಹಗಲು ಹೊತ್ತಿನಲ್ಲಿ, ಇನ್ನೊಬ್ಬ ಹಿರಿಯರ ಎದುರು ಆಗಲಿ. ಗಂಡ ಮುಂಬೈಗೋ ಹೈದರಾಬಾದಿಗೋ ಗುಳೆ ಹೋಗಿ, ಹೆಂಡತಿ ಇಲ್ಲಿ ಅತ್ತೆ-ಮಾವನ ಜೊತೆ ಉಳಿದು ದೂರವಾದ ಸಂಸಾರವಾದರೆ "ಪ್ರತಿ ಭಾನುವಾರ ಭೇಟಿ" ಎಂದು ಬರೆದು ಪ್ರಯೋಜನವಿಲ್ಲ; ಅವನು ಊರಿಗೆ ಬರುವುದು ಹಬ್ಬಕ್ಕೆ, ಸುಗ್ಗಿಗೆ. ಸಂಶಯ, ಮೊಬೈಲ್ ಜಗಳ ಕಾರಣವಾಗಿದ್ದರೆ ಮಗುವಿನ ಜೊತೆ ಫೋನಿನಲ್ಲಿ ಮಾತಾಡುವ ಹೊತ್ತು, ಯಾವ ನಂಬರಿಗೆ ಎನ್ನುವುದನ್ನೂ ಬರೆಸಿ.

ಅಕ್ಕನ ಮಗಳನ್ನು ತಂದುಕೊಂಡ ಮದುವೆ ಮುರಿದರೆ ಗೋಜಲು ಹೆಚ್ಚು. ಅಲ್ಲಿ ಹುಡುಗಿಯ ಅಜ್ಜಿಯೇ ಅತ್ತೆ, ಸೋದರಮಾವನೇ ಗಂಡ. ತೌರಿನ ಬಾಗಿಲೂ ಅರ್ಧ ಮುಚ್ಚಿಕೊಳ್ಳುತ್ತದೆ. ಇಂಥಲ್ಲಿ ಸಾಕ್ಷಿಗೆ, ಮಧ್ಯಸ್ಥಿಕೆಗೆ ಬೀಗರಲ್ಲದ ಹೊರಗಿನವರನ್ನೇ ಇಡಿ. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರ ಮೇಲು; ಅಲ್ಲಿ ಆಡಿದ ಮಾತು ಹೊರಗೆ ಬರುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ಪೂರ್ತಿ ಹಣವನ್ನು ಮೊದಲ ದಿನವೇ ಕೊಡುವುದೂ ತಪ್ಪು, ಡಿಕ್ರಿ ಆದಮೇಲೆ ಕೊಡುತ್ತೇನೆ ಎನ್ನುವುದನ್ನು ಒಪ್ಪುವುದೂ ತಪ್ಪು. ಡಿಕ್ರಿ ಆಗುವತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತಗೊಳ್ಳಬಹುದು. ಅರ್ಧ ಮೊದಲ ಹೇಳಿಕೆಯ ದಿನ, ಇನ್ನರ್ಧ ಎರಡನೇ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ, ಎರಡೂ ಡಿಡಿ ಮೂಲಕ. ನಗದು ಬೇಡ. ಮೊತ್ತ ಹೇಳುವ ಮೊದಲು ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ (ಅಫಿಡವಿಟ್) ತುಂಬಿ ಬದಲಾಯಿಸಿಕೊಳ್ಳಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೀವನಾಂಶದ ಅರ್ಜಿಗಳಲ್ಲಿ ಇದು ಕಡ್ಡಾಯ, ಮಾದರಿ ತೀರ್ಪಿನ ಜೊತೆಗೇ ಇದೆ. ಹೊಲದ ಪಹಣಿಯನ್ನೂ ಸೇರಿಸಿ. ತೊಗರಿಯ ಆದಾಯ ಸಂಬಳ ಚೀಟಿಯಲ್ಲಿ ಕಾಣುವುದಿಲ್ಲ.

ಬಂಗಾರವನ್ನು "ಆಭರಣ ವಾಪಸ್" ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಬೋರಮಾಳ ಒಂದು, ಇಷ್ಟು ತೊಲಿ. ಪಾಟ್ಲಿ ಎರಡು, ಇಷ್ಟು ಗ್ರಾಂ. ಅಲಮಾರಿ, ಹಂಡೆ, ಕೊಡ ಎಂದು ಒಂದೊಂದನ್ನೂ ಬಿಡಿಸಿ ಬರೆದು, ಕೊಟ್ಟ ದಿನಾಂಕ ಹಾಕಿ, ಪಡೆದವರ ಸಹಿ ತೆಗೆದುಕೊಳ್ಳಿ. ಮದುವೆಯ ಫೋಟೊ ಆಲ್ಬಂ ಇದಕ್ಕೆ ಒಳ್ಳೆಯ ಪುರಾವೆ.

ಹೆಂಡತಿ ತನ್ನ ಪಾಲಿನ ಜೀವನಾಂಶ ಬೇಡ ಎನ್ನಬಹುದು. ಮಗುವಿನದನ್ನು ಬೇಡ ಎನ್ನುವ ಅಧಿಕಾರ ತಾಯಿಗೂ ಇಲ್ಲ, ತಂದೆಗೂ ಇಲ್ಲ. "ಮಗುವಿಗೆ ಯಾವ ಹಕ್ಕೂ ಇಲ್ಲ" ಎಂಬ ಕಲಮು ಮುಂದೆ ನಿಲ್ಲುವುದಿಲ್ಲ. ಪಿತ್ರಾರ್ಜಿತ ಹೊಲದಲ್ಲಿನ ಮಕ್ಕಳ ಪಾಲೂ ಡೈವೋರ್ಸಿನಿಂದ ಹೋಗದು. ಮಗುವಿನ ಹೆಸರಲ್ಲಿ 18 ತುಂಬುವವರೆಗೆ ಮುಟ್ಟಲಾಗದ ಠೇವಣಿ ಇಡಿಸಿ. ಹತ್ತು ವರ್ಷದೊಳಗಿನ ಹುಡುಗಿಯಾಗಿದ್ದರೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯೂ ಆಗುತ್ತದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ 1.5 ಲಕ್ಷ.

ಭೇಟಿಯ ಕಲಮೇ ಎಲ್ಲಕ್ಕಿಂತ ಹೆಚ್ಚು ಕೆಡುವುದು. "ತಂದೆಗೆ ಮಗುವನ್ನು ನೋಡುವ ಹಕ್ಕಿದೆ" ಎಂದಷ್ಟೇ ಬರೆದರೆ ಜಗಳಕ್ಕೆ ಆಹ್ವಾನ ಕೊಟ್ಟಂತೆ. ಹೀಗೆ ಬರೆಸಿ: "ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ಕ್ಕೆ ತಂದೆ ಮಗುವನ್ನು ಅಜ್ಜನ ಮನೆಯಿಂದ ಕರೆದುಕೊಂಡು ಹೋಗಿ ಸಂಜೆ 5ಕ್ಕೆ ಅಲ್ಲೇ ಬಿಡತಕ್ಕದ್ದು. ಬರಲಾಗದಿದ್ದರೆ ಹಿಂದಿನ ದಿನ ತಿಳಿಸತಕ್ಕದ್ದು." ಬೇಸಿಗೆ ರಜೆಯನ್ನು ಹಂಚಿ. ಎಳ್ಳ ಅಮಾವಾಸ್ಯೆಗೆ ಮಗು ಯಾರ ಹೊಲಕ್ಕೆ ಹೋಗುತ್ತದೆ, ಶರಣಬಸವೇಶ್ವರ ಜಾತ್ರೆ ಯಾರ ಜೊತೆ, ಈದ್ ಎಲ್ಲಿ ಎಂದು ಹೆಸರು ಹಿಡಿದು, ಒಂದು ವರ್ಷ ಇವರು ಮುಂದಿನ ವರ್ಷ ಅವರು ಎಂದು ಬರೆಸಿ. ಅಜ್ಜ-ಅಜ್ಜಿಯ ಭೇಟಿಯನ್ನೂ ಮರೆಯಬೇಡಿ. ದುಡಿಯಲು ಹೋದವರ ಮಕ್ಕಳನ್ನು ಅಲ್ಲಿಯವರೆಗೆ ಸಾಕಿದವರು ಅವರೇ. ಐದು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯ ಬಳಿಯೇ ಬಿಡುತ್ತಾರೆ. ಆದರೆ ಕೋರ್ಟು ಕೊನೆಗೆ ನೋಡುವುದು ಮಗುವಿನ ಹಿತವನ್ನು.

ಮಗುವಿಗೆ ಹೇಳುವುದನ್ನು ಸಾಧ್ಯವಾದರೆ ಇಬ್ಬರೂ ಕೂಡಿ ಹೇಳಿ, ಚಿಕ್ಕದಾಗಿ: "ಅಪ್ಪ, ಅವ್ವ ಇನ್ನ ಒಂದೇ ಮನ್ಯಾಗ ಇರಂಗಿಲ್ಲ. ಇದರಾಗ ನಿಂದೇನೂ ತಪ್ಪಿಲ್ಲ. ನಿನ್ನ ಸಾಲಿ ಬದಲಾಗಂಗಿಲ್ಲ." ಕೊನೆಯ ಮಾತು ನಿಜವಾಗಿದ್ದರೆ ಮಾತ್ರ ಹೇಳಿ. ಸಣ್ಣ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ದೊಡ್ಡವರು ಸಾಲಿ ತಪ್ಪಿಸಬಹುದು; ಬೈಯದೆ ಮಾಸ್ತರರಿಗೆ ಮುಂಚೆಯೇ ತಿಳಿಸಿಡಿ. ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸಕ್ಕೆ ಮಗುವನ್ನು ಹಚ್ಚಬೇಡಿ.

ವರದಕ್ಷಿಣೆ ಕಿರುಕುಳದ ಪೊಲೀಸ್ ಕೇಸು ಮೊದಲೇ ಬಿದ್ದಿದ್ದರೆ ರಾಜಿಪತ್ರದಲ್ಲಿ "ಹಿಂದಕ್ಕೆ ಪಡೆಯುತ್ತೇವೆ" ಎಂದರೆ ಅದು ಮುಗಿಯುವುದಿಲ್ಲ. ಕರ್ನಾಟಕದಲ್ಲಿ ಅದು ಮ್ಯಾಜಿಸ್ಟ್ರೇಟರ ಮುಂದೆ ರಾಜಿಯಾಗುವ ಅಪರಾಧವಲ್ಲ. ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರದ್ದತಿ ಅರ್ಜಿ ಹಾಕಬೇಕು. ಆ ಖರ್ಚು ಯಾರದು, ಸಹಿಗೆ ಯಾವಾಗ ಬರಬೇಕು ಎನ್ನುವುದನ್ನೂ ಬರೆಸಿ.

ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಹೊಡೆತ-ಬಡಿತ ನಡೆದಿದ್ದರೆ 181ಕ್ಕೆ ಕರೆ ಮಾಡಿ. ಅಂಥಲ್ಲಿ ರಾಜಿಯ ಮಾತು ಆಮೇಲೆ.

ಡಿಕ್ರಿ ಬಂದ ಕೂಡಲೇ ದೃಢೀಕೃತ ಪ್ರತಿ ನಾಲ್ಕೈದು ತೆಗೆಸಿಡಿ. ಹಳೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸದೆ ಹೊಸ ಕಾರ್ಡ್ ಆಗುವುದಿಲ್ಲ, ಕಾರ್ಡ್ ಇಲ್ಲದೆ ಗೃಹಲಕ್ಷ್ಮಿಯ 2000 ರೂಪಾಯಿಯೂ ಬರುವುದಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಮುಂದೆ ಬೇಕಾಗುವ ತಂದೆಯ ಶಾಲಾ, ವಾಸದ ದಾಖಲೆಗಳ ನಕಲನ್ನು ಈಗಲೇ ಇಸಿದುಕೊಳ್ಳಿ. ಮಗು ಪಿಯುಸಿ ಮುಗಿಸುವ ಹೊತ್ತಿಗೆ ಕೇಳಲು ಹೋದರೆ ಫೋನೂ ಎತ್ತದಿರಬಹುದು. ಊರು ಬದಲಾಗುವುದಿದ್ದರೆ ಶಾಲೆಯ ಟಿಸಿಗೆ ಅರ್ಜಿ ಕೊಡಿ. ಟಿಸಿ ತಡವಾಯಿತೆಂದು ಎಂಟನೇ ತರಗತಿಯವರೆಗೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿ.